ಕೊಪ್ಪರಿಗೆಯಲ್ಲಿ ನಕ್ಕವಳು

ಸೀಮೆಎಣ್ಣೆಯ ನಾತ, ಅದರಡಿ ಇನ್ನೊಂದು ನಾತ, ಮರದ ಅಚ್ಚಿನ ಗೀರುಗಳೊಳಗೆ ಜಿರಲೆ ಮೊಟ್ಟೆ ಸಾಲಾಗಿ ಅಂಟಿವೆ — ಉಗುರಲ್ಲಿ ಕೆರೆದರೆ ಪಿಚ್ಚೆಂದು ಒಡೆಯುತ್ತವೆ, ಥೂ, ಹಬೀಬ್ ಸಾಬರು ಬೆರಳನ್ನು ಲುಂಗಿಗೆ ಒರೆಸಿಕೊಳ್ಳುತ್ತಾರೆ, ಅವರ ರಬ್ಬರ್ ಸ್ಟಾಂಪಿನ ಅಂಗಡಿಯ ಬೆಂಚಿನ ಮೇಲೆ ಪೂಜಾ ಕಾಯುತ್ತಿದ್ದಾಳೆ, ಹೋದ ವಾರ ತೀರಿಕೊಂಡ ಚಿಕ್ಕಮಾರಮ್ಮನ ಮೊಮ್ಮಗಳು, ಶಿರಾ ಗೇಟಿನ ಹಾರನ್ನುಗಳ ನಡುವೆ ಮತ್ತದೇ ಮಾತು, ತಾತಾ, ಇವತ್ತೇ ತಿಥಿ ಕಾರ್ಡು ಪ್ರಿಂಟಿಗೆ ಕೊಡ್ಬೇಕು, ಆಧಾರ್ ಫೋಟೋಲಿ ಅಜ್ಜಿ ಬದುಕಿದ್ದಾಗ್ಲೇ ಹೆಣ ಇದ್ದಂಗವ್ಳೆ, ನಗ್ತಿರೋ ಮುಖಾನ ನೀವು ಮರದಲ್ಲಿ ಕೆತ್ತಿದ್ರಂತಲ್ಲ, ಸಾಯೋಗಂಟ ಅದ್ನೇ ಹೇಳೋಳು — ನಗುವ ಮುಖ, ಹೌದು, ಯಾವ ಚಿತ್ರದೊಳಗೆ ಕೆತ್ತಿದ್ದೆಂದು ಮುದುಕಿ ಹೇಳಿಲ್ಲ, ನಲವತ್ತೆರಡು ವರ್ಷದ ಹಿಂದೆ, ಗುಬ್ಬಿಯಲ್ಲಿ, ಪ್ರೆಸ್ಸಿನ ಮಾಲೀಕ ಏಕಾಂತಯ್ಯ ಹುಳ ತಿಂದ ಹಳೆಯ ಅಚ್ಚಿನ ಹಾಳೆಯೊಂದನ್ನು ಮುಂದೆ ಹರಡುತ್ತಾನೆ, ಯಮ, ಕೋಣ, ಪಾಶ, ಗರಗಸಕ್ಕೆ ಸಿಕ್ಕವರು, ಎಣ್ಣೆ ಕೊಪ್ಪರಿಗೆಯಲ್ಲಿ ಬೇಯುವವರು, ಎಲ್ಲರಿಗೂ ಒಂದೇ ಮುಖ, ಇದ್ನೇ ಹೊಸದಾಗಿ ಕೆತ್ತು ಹಬೀಬ, ಒಂದಾದ್ರೂ ನಮ್ಮೂರ ಮುಖ ಇರ್ಲಿ, ನೋಡ್ದೋರು ಹೆದರ್ಬೇಕು ಕಣೋ — ಎದುರಿಗೆ ಕಾಗದದ ಚೂರು ಗುಡಿಸುತ್ತಿದ್ದವಳು ಚಿಕ್ಕಮಾರಮ್ಮ, ಏನ್ ಸಾಬ್ರೇ ಹಂಗ್ ನೋಡ್ತೀರಾ, ನಾನೇನ್ ಸಿನಿಮಾ ಪೋಸ್ಟರಾ, ಬಾಯಿ ತೆರೆದು ನಕ್ಕಳು, ಮುಂದಿನ ಎರಡು ಹಲ್ಲಿಲ್ಲ, ಆ ಬಾಯಿಯನ್ನೇ ಒಯ್ದು ಕೊಪ್ಪರಿಗೆಯಲ್ಲಿಟ್ಟ ಕೈ ಇದು, ಸುತ್ತ ನಾಲ್ಕು ಬೆಂಕಿಯ ನಾಲಿಗೆ ಎಬ್ಬಿಸಿದ್ದೇ ತಡ ನಗು ಚೀರಾಟವಾಯಿತು, ಆಗ ಎಂಥ ಹೆಮ್ಮೆ, ಈಗ ಹೇಸಿಗೆ, ಕುಣಿಗಲ್ ಸಂತೆಯವರೆಗೂ ಹೋಯಿತು ಆ ಚಿತ್ರ, ಅವಳೂ ನೋಡಿದಳು, ಬಹಳ ಹೊತ್ತು, ನಾನು ನಗ್ತಾ ಇವ್ನಿ ಅಲ್ವಾ ಸಾಬ್ರೇ, ಹೂಂ ಕಣಮ್ಮ, ಅಂದುಬಿಟ್ಟರು, ಬಾಯಲ್ಲಿ ಆಗಲೂ ಇದೇ ಮಸಿಯ ಒಗರು —

ತಾತಾ, ಸಿಕ್ತಾ? ಸಿಕ್ಕಿತಮ್ಮಾ, ಚೂರು ತಡಿ, ಹಲಗೆಯನ್ನು ಎದೆಗೆ ತಿರುಗಿಸಿ ಹಿಡಿಯುತ್ತಾರೆ, ಕೊಪ್ಪರಿಗೆಯ ಅಂಚನ್ನು ಕೆತ್ತಿ ತೆಗೆಯಬಹುದು, ಬೆಂಕಿಯನ್ನೂ, ಕೆತ್ತಿದ್ದೆಲ್ಲ ಹಾಳೆಯಲ್ಲಿ ಬಿಳಿ, ಬಿಟ್ಟದ್ದೇ ಕಪ್ಪು, ಉಳಿ ಎತ್ತಿಕೊಳ್ಳುತ್ತಾರೆ, ಅಂಚು ಹೋಯಿತು, ಬೆಂಕಿ ಹೋಯಿತು, ಜಿರಲೆ ಮೊಟ್ಟೆಯ ಜೊತೆ ನರಕವೂ ನೆಲದ ಮೇಲೆ ಪುಡಿಪುಡಿ, ಆ ಮುಖಕ್ಕಷ್ಟೇ ಮಸಿ ಸವರಿ ಹಾಳೆ ಒತ್ತಿ ಎತ್ತುತ್ತಾರೆ, ಈಗ ನಗಬೇಕು, ನಗು ಮಾರಮ್ಮ — ಪೂಜಾ ಬಗ್ಗಿ ನೋಡುತ್ತಾಳೆ, ಅಜ್ಜಿ ಯಾಕ್ ತಾತಾ ಹಿಂಗ್ ಕಿರುಚ್ಕಂಡವ್ಳೆ — ಉಳಿ ಒಮ್ಮೆಯೂ ಮುಟ್ಟದ ಜಾಗ, ಎರಡು ಹಲ್ಲಿಲ್ಲದ, ಕಪ್ಪು ಬಾಯಿ