ಉದ್ದ ಕೊಳವೆಯ ಹಾಲಿನ ಬಾಟಲಿ

ಮ್ಯಾಂಚೆಸ್ಟರಿನ ಆಂಕೋಟ್ಸ್ ಬಡಾವಣೆಯಲ್ಲಿ ಆಗಸ್ಟಿನ ಬೇಸಿಗೆ ಬಂತೆಂದರೆ ತಾಯಂದಿರ ಎದೆ ಡವಡವ ಅನ್ನುತ್ತಿತ್ತು. ವಿಕ್ಟೋರಿಯಾ ರಾಣಿಯ ಕಾಲ ಅದು. ಬೆಳಿಗ್ಗೆ ತಂದ ಹಾಲು ಮಧ್ಯಾಹ್ನಕ್ಕೆ ಹುಳಿ. ಓಣಿಯ ಕೂಸುಗಳಿಗೆ ಭೇದಿ ಹಿಡಿಯುತ್ತಿದ್ದುದೂ ಆಗಲೇ, ಪುಟ್ಟ ಪುಟ್ಟ ಶವಪೆಟ್ಟಿಗೆಗಳು ಹೊರಡುತ್ತಿದ್ದುದೂ ಆಗಲೇ. ಹಲ್ಲು ಬರುವಾಗ ಹೀಗೇ ಆಗುತ್ತೆ ಅಂತ ಜನ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಟ್ಯಾಬಿತಾ ಆಗ್ಡನ್ ಕೂಡ ಎರಡು ವರ್ಷದ ಹಿಂದೆ ಹಾಗೇ ಹೇಳಿಕೊಂಡವಳು. ಅವಳ ಚೊಚ್ಚಲ ಮಗ ಏಮಸ್ ಆಗಸ್ಟಿನಲ್ಲೇ ಹೋಗಿದ್ದ. ಜನನ ಬರೆಸಿದ ಕಚೇರಿಗೇ ಅದೇ ವರ್ಷ ಮರಣ ಬರೆಸಲೂ ಹೋಗಿ ಬಂದಿದ್ದಳು. ಈಗ ಮಡಿಲಲ್ಲಿ ಎರಡನೆಯದು, ಐದು ತಿಂಗಳ ಸೆಲೀನಾ. ಟ್ಯಾಬಿತಾ ನೂಲಿನ ಗಿರಣಿಗೆ ಹೋದಾಗ ಕೂಸನ್ನು ನೋಡಿಕೊಳ್ಳುತ್ತಿದ್ದವಳು ಅತ್ತೆ ಡೋರ್ಕಸ್.

ಆ ಮನೆಯಲ್ಲಿ ಒಂದು ಹೆಮ್ಮೆಯ ವಸ್ತುವಿತ್ತು. ಚಪ್ಪಟೆ ಗಾಜಿನ ಹಾಲಿನ ಬಾಟಲಿ. ಅದರ ಬಾಯಿಂದ ಮೊಳದುದ್ದದ ರಬ್ಬರ್ ಕೊಳವೆ, ಕೊಳವೆಯ ತುದಿಗೆ ಚೀಪುವ ತೊಟ್ಟು. ಬಾಟಲಿಯನ್ನು ಕೂಸಿನ ಪಕ್ಕದಲ್ಲಿಟ್ಟು ತೊಟ್ಟನ್ನು ಬಾಯಿಗೆ ಕೊಟ್ಟರೆ ಮುಗಿಯಿತು, ಕೂಸು ತನ್ನಷ್ಟಕ್ಕೆ ತಾನೇ ಕುಡಿಯುತ್ತಾ ಬಿದ್ದಿರುತ್ತೆ. ಹಿಡಿದುಕೊಂಡು ಕೂರುವವರೇ ಬೇಡ. ಓಣಿಯಲ್ಲಿ ಯಾರಿಗೆ ಹೆರಿಗೆಯಾದರೂ ಈ ಬಾಟಲಿ ಬಂದೇ ಬರುತ್ತಿತ್ತು. ಡೋರ್ಕಸ್ ಗಾಜನ್ನು ಫಳಫಳ ತೊಳೆಯುತ್ತಿದ್ದಳು. ಕೊಳವೆಗೆ ಮಾತ್ರ ನೀರು ತಾಕಿಸುತ್ತಿರಲಿಲ್ಲ. ತೊಳೆದರೆ ರಬ್ಬರಿಗೆ ಹತ್ತಿದ ಹಾಲಿನ ರುಚಿ ಹೋಗಿ ಕೂಸು ಚೀಪುವುದಿಲ್ಲ ಅನ್ನುವುದು ಓಣಿಯ ಅಜ್ಜಿಯರೆಲ್ಲರ ನಂಬಿಕೆ.

ಒಂದು ಶನಿವಾರ ಟ್ಯಾಬಿತಾ ಗಿರಣಿಯಿಂದ ಬಂದಾಗ ಸೆಲೀನಾ ಬಾಡಿ ಮಲಗಿದ್ದಳು. ಬೆಳಿಗ್ಗೆಯಿಂದ ಭೇದಿ. ಅದೇ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಕೆಜಾಯಾ ಬ್ರೈಯರ್ಲಿ ಕಾಣಿಸಿಕೊಂಡಳು. ಅವಳು ಊರಿನ ಆರೋಗ್ಯ ಸಂಘದ ಪರವಾಗಿ ಮನೆಮನೆಗೂ ಬರುತ್ತಿದ್ದವಳು, ಅದೇ ಬಡಾವಣೆಯ ಹೆಂಗಸು. ಬುಟ್ಟಿಯಲ್ಲಿ ಸೋಪು, ಮೋರಿಗೆ ಹಾಕುವ ಪುಡಿ. ಅದಕ್ಕೇ ಓಣಿಯವರು ಅವಳಿಗೆ ಪುಡಿಯಮ್ಮ ಅಂತ ಹೆಸರಿಟ್ಟಿದ್ದರು.

“ಬಂದ್ಲು ನೋಡು ಪುಡಿಯಮ್ಮ. ಇವತ್ತು ಯಾರ ಮನೆ ಮೂಸೋಕೆ ಬಂದ್ಯೇ?” ಅಂದಳು ಡೋರ್ಕಸ್.

“ನಿಮ್ಮನೆ ಟೀ ಘಮಘಮ ಅಂತಿತ್ತಲ್ಲ ಅಜ್ಜೀ, ಅದಕ್ಕೇ ಬಂದೆ” ಅನ್ನುತ್ತಲೇ ಕೆಜಾಯಾ ಕೂಸನ್ನು ಎತ್ತಿಕೊಂಡಳು. ಹೊಟ್ಟೆ ಮುಟ್ಟಿ ನೋಡಿದಳು. ಆಮೇಲೆ ಕೊಳವೆಯ ತುದಿಯನ್ನು ಮೂಗಿನ ಹತ್ತಿರ ಹಿಡಿದು, ಇದನ್ನು ಇವತ್ತೇ ಬಿಸಾಡಬೇಕು ಅಂದಳು.

ಟ್ಯಾಬಿತಾಗೆ ಸಿಟ್ಟು ನೆತ್ತಿಗೇರಿತು. ಓಣಿಯವರೆಲ್ಲ ಇದರಲ್ಲೇ ಕೊಡೋದು, ಔಷಧಿ ಅಂಗಡಿಯಲ್ಲೇ ಮಾರೋದು, ಡಬ್ಬಿಯ ಮೇಲೆ ಗುಂಡುಗುಂಡಾದ ಕೂಸಿನ ಚಿತ್ರ ಬೇರೆ ಇದೆ ಅಂತ ಒಂದೇ ಉಸಿರಿಗೆ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣಗಾಯಿತು.

“ಏಮಸ್‌ಗೂ ಇದ್ರಲ್ಲೇ ಕೊಟ್ಟಿದ್ದು, ಕೆಜಾಯಾ. ಇದೇ ಬಾಟಲಿ, ಇದೇ ಕೊಳವೆ. ಈಗ ನೀನು ಇದ್ರಿಂದ್ಲೇ ಅಂದ್ರೆ...”

ಕೆಜಾಯಾ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು.

“ನೀನು ಹಾಲು ಕೊಟ್ಟೆ ಕಣೇ. ಪ್ರೀತಿಯಿಂದ ಹಾಲೇ ಕೊಟ್ಟೆ. ಕೊಳವೆ ಒಳಗೆ ಏನಿದೆ ಅಂತ ನಿಂಗೆ ಯಾರೂ ತೋರಿಸಿರ್ಲಿಲ್ಲ.”

ಕೆಜಾಯಾ ಕತ್ತರಿ ಕೇಳಿದಳು. ಡೋರ್ಕಸ್ ಕತ್ತರಿ ತಂದಳು, ಆದರೆ ಅವಳ ಕೈಗೆ ಕೊಡಲಿಲ್ಲ.

“ನಾನೇ ಸೀಳ್ತೀನಿ. ದಿನಾ ತುಂಬಿಸ್ತಿದ್ದವಳು ನಾನು. ಅವಳು ಗಿರಣೀಲಿದ್ಲು.”

ಮುದುಕಿ ಕೊಳವೆಯನ್ನು ಉದ್ದಕ್ಕೆ ಸೀಳಿದಳು. ಒಳಗೆಲ್ಲ ಬೂದುಹಸಿರು ಲೋಳೆ, ಗಟ್ಟಿಯಾದ ಹಳೆ ಹಾಲಿನ ಗರಣೆ. ನಾತ ಕೋಣೆ ತುಂಬಿತು. ಸೊಸೆ ಅತ್ತೆಯ ಕೈಯಿಂದ ಕತ್ತರಿ ತೆಗೆದಿಟ್ಟು ಆ ಕೈಯನ್ನು ಬಿಡದೆ ಹಿಡಿದುಕೊಂಡಳು.

ಹೊಸ ಹಾಲಿಗೆ ಈ ಹಳೆ ಕೊಳೆ ಬೆರೆತು ಕೂಸಿನ ಹೊಟ್ಟೆ ಸೇರುತ್ತೆ, ಸೆಖೆಗೆ ಅದು ವಿಷವಾಗುತ್ತೆ ಅಂತ ಕೆಜಾಯಾ ವಿವರಿಸಿದಳು. ಬೆಳಿಗ್ಗೆ ಸಂಜೆ ಎದೆಹಾಲು ಕೊಡುತ್ತಿದ್ದೀಯಲ್ಲ, ಮಧ್ಯಾಹ್ನ ಊಟದ ಬಿಡುವಿಗೆ ಅಜ್ಜಿ ಕೂಸನ್ನು ಗಿರಣಿ ಬಾಗಿಲಿಗೇ ತರಲಿ, ನಡುವೆ ಬೇಕಾದರೆ ಕುದಿಸಿದ ಹಾಲನ್ನು ಬಟ್ಟಲು ಚಮಚದಲ್ಲಿ ಕುಡಿಸಲಿ ಅಂದಳು. ಗಿರಣಿ ಮೇಸ್ತ್ರಿ ಬೈಯುತ್ತಾನೆ ಅಂತ ಟ್ಯಾಬಿತಾ ಹೆದರಿದಳು.

“ಬೈದ್ರೆ ಬೈಕೊಳ್ಲಿ ಬಿಡು, ಹೆಂಗೂ ನಂಗೆ ಕಿವಿ ಮಂದ” ಅಂದಳು ಡೋರ್ಕಸ್.

ಎರಡು ದಿನ ಮೂವರೂ ಪಾಳಿಯ ಮೇಲೆ ಕೂತರು. ಆಗಾಗ ಎದೆಹಾಲು, ಎದೆ ಚೀಪಲಾರದಾಗ ಅದನ್ನೇ ಹಿಂಡಿ ಚಮಚದಲ್ಲಿ. ಸೋಮವಾರ ಟ್ಯಾಬಿತಾ ಗಿರಣಿಗೆ ಹೋಗಲಿಲ್ಲ. ಅಂದು ಸಂಜೆ ಸೆಲೀನಾ ಹಸಿವೆಗೆ ಓಣಿಗೆಲ್ಲ ಕೇಳುವಂತೆ ಕಿರುಚಿದಳು. ಆ ಅಳು ಕೇಳಿ ದೊಡ್ಡವರೂ ಅತ್ತರು.

ಆ ವಾರದಿಂದ ಮಧ್ಯಾಹ್ನದ ಸೀಟಿ ಕೂಗಿದ ಕೂಡಲೇ ತಲೆಗೂದಲಲ್ಲಿ ಹತ್ತಿಯ ಎಳೆ ಅಂಟಿಸಿಕೊಂಡೇ ಟ್ಯಾಬಿತಾ ಗಿರಣಿಯಿಂದ ಓಡಿ ಬರುತ್ತಿದ್ದಳು. ಗಿರಣಿ ಬಾಗಿಲಲ್ಲಿ ಕಾದಿದ್ದ ಅತ್ತೆಯಿಂದ ಕೂಸನ್ನು ಎತ್ತಿಕೊಂಡು, ಮೆಟ್ಟಿಲ ಮೇಲೆ ಕೂತು, ಶಾಲು ಮರೆಮಾಡಿ ಮಗಳಿಗೆ ಹಾಲೂಡಿಸುತ್ತಿದ್ದಳು. ಜೊತೆಯವಳೊಬ್ಬಳು ಒಮ್ಮೆ ನಿಂತು, ಬಾಟಲಿ ಏನಾಯಿತೇ ಅಂತ ಕೇಳಿದಳು.

“ನಿನ್ನ ಬಾಟಲಿ ಕೊಳವೆ ಒಂದ್ಸಲ ಸೀಳಿ ನೋಡು” ಅಂದಳು ಟ್ಯಾಬಿತಾ. “ನೋಡಿ ಅಳು ಬಂದ್ರೆ ನನ್ನ ಹತ್ರ ಬಾ.”

ಅಕ್ಕಂದಿರೇ, ಅಜ್ಜಿಯರೇ, ಅಪ್ಪಂದಿರೇ, ಆ ಉದ್ದ ಕೊಳವೆ ಈಗಿಲ್ಲ. ಆದರೆ ಹಾಲಿನ ಬಾಟಲಿ ಇದೆ, ಅದರ ತೊಟ್ಟಿನ ಸಂದಿಯಲ್ಲಿ ನಿನ್ನೆಯ ಹಾಲೂ ಇದೆ. ಆರು ತಿಂಗಳವರೆಗೆ ಕೂಸಿಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಬೇರೆ ಹಾಲು ಕೊಡಲೇಬೇಕಾಗಿ ಬಂದರೆ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ, ತೊಳೆದು ಕುದಿಸಿದ ಒಳಲೆಯಲ್ಲೋ ಬಟ್ಟಲು ಚಮಚದಲ್ಲೋ ಕುಡಿಸಿ, ಮೊದಲು ನಿಮ್ಮ ಕೈಗೆ ಸೋಪು ಹಚ್ಚಿ. ಭೇದಿಯಾದರೆ ಹಲ್ಲು ಬರುತ್ತಿದೆ ಅಂತ ಕಾಯಬೇಡಿ, ಎದೆಹಾಲು ನಿಲ್ಲಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಪಕ್ಕದ ಮನೆಯವಳು ಗೊತ್ತಿಲ್ಲದೆ ತಪ್ಪು ಮಾಡುತ್ತಿದ್ದರೆ ಅವಳನ್ನು ಬೈಯಬೇಡಿ. ಪಕ್ಕದಲ್ಲಿ ಕೂತು, ಬೆನ್ನ ಮೇಲೆ ಕೈಯಿಟ್ಟು ಹೇಳಿ. ಇವತ್ತೇ ಹೇಳಿ.