ಯಾವ ಪುಟದ ಮಾತು

"ಈ ಮಾತು ಯಾವ ಪುಸ್ತಕದ್ದು, ಯಾವ ಪುಟದ್ದು?" ಎಂದು ಪ್ರಬಂಧದ ಕರಡು ನೋಡುತ್ತಿದ್ದ ಮೇಷ್ಟ್ರು ಕೇಳಿದಾಗ ಜಯದೇವಿ ತಲೆ ತಗ್ಗಿಸಿದಳು. ಕೆರೆಗಳ ಚರಿತ್ರೆಯ ಮೇಲಿನ ಎಂ.ಎ. ಪ್ರಬಂಧಕ್ಕೆಂದು ಎರಡು ತಿಂಗಳು ಕೂತು ಟಿಪ್ಪಣಿ ಮಾಡಿಕೊಂಡಿದ್ದಳು; ಪುಟ ಸಂಖ್ಯೆಯನ್ನು ಮಾತ್ರ ಎಲ್ಲಿಯೂ ಬರೆದುಕೊಂಡಿರಲಿಲ್ಲ. ಬರೆದುಕೊಳ್ಳಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮರುದಿನದಿಂದ ತನ್ನ ಮನೆಯಿದ್ದ ವಿಜಯನಗರ ಬಡಾವಣೆಯಲ್ಲಿ ನೂಕುನುಗ್ಗಲಿನ ಬಸ್ಸು ಹತ್ತಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ, ಓದಿ ಮುಗಿಸಿದ್ದ ಪುಸ್ತಕಗಳನ್ನೇ ಮತ್ತೆ ತೆಗೆಸಿ ಹಾಳೆ ಮಗುಚತೊಡಗಿದಳು. ಕಣ್ಣುರಿಯುತ್ತಿತ್ತು. ಅವಳ ಪಾಡು ನೋಡಲಾರದೆ ಗ್ರಂಥಪಾಲಕ ಶಂಭುಲಿಂಗಪ್ಪನವರು ಒಂದು ಕಟ್ಟು ರಟ್ಟಿನ ಚೀಟಿ ತಂದುಕೊಟ್ಟರು.

"ಒಂದು ಮಾತಿಗೆ ಒಂದು ಚೀಟಿ ಕಣಮ್ಮಾ. ಮೊದ್ಲು ಪುಸ್ತಕ, ಪುಟ ಬರ್ಕೋ. ಆಮೇಲೆ ಮಾತು."

ಹತ್ತು ದಿನಗಳಲ್ಲಿ ಒಂದು ಸಾಲು ಬಿಟ್ಟು ಉಳಿದೆಲ್ಲದರ ಪುಟ ಸಿಕ್ಕಿತು. ಕೆರೆ ಬತ್ತುವುದಕ್ಕೆ ಮೊದಲೇ ಅದನ್ನು ಕಾಯುವವರ ಹೆಸರು ಮರೆತುಹೋಗಿರುತ್ತದೆ ಎಂಬ ಸಾಲು ಅದು. ಇಡೀ ಪ್ರಬಂಧದಲ್ಲಿ ಅವಳಿಗೆ ಬಲು ಇಷ್ಟವಾದದ್ದು ಅದೇ.

"ನಿಂದೇ ಇರ್ಬೋದಮ್ಮಾ" ಎಂದರು ಶಂಭುಲಿಂಗಪ್ಪ.

"ಇರ್ಬೋದು ಸಾರ್, ಇಲ್ದೇನೂ ಇರ್ಬೋದು. ನಂಗೆ ನೆನಪೇ ಇಲ್ಲ."

ಆ ಸಾಲಿಗೆ ಯಾವುದೋ ಒಂದು ಪುಟ ಸಂಖ್ಯೆ ಹಾಕಿದರೆ ಯಾರೂ ಹುಡುಕಿ ನೋಡುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೆ ಇಷ್ಟು ದಿನ ಹುಡುಕಿದ ಮೇಲೆ ಅದಕ್ಕೆ ಮನಸ್ಸು ಬರಲಿಲ್ಲ. ಗೆರೆ ಎಳೆದು ಆ ಸಾಲನ್ನೇ ಹೊಡೆದುಹಾಕಿದಳು.

ಮೇಷ್ಟ್ರು ಪ್ರಬಂಧವನ್ನು ಒಪ್ಪಿ ಸಹಿ ಹಾಕಿದರು. ಹಿಗ್ಗುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಬಸ್ಸಿನಲ್ಲಿ ಕೂರಲು ಸೀಟು ಸಿಕ್ಕರೆ ಸಾಕೆನಿಸಿತು.