ಹುಲಿಯಾ ಬಿಟ್ಟುಹೋದ ಆಸ್ತಿ

"ಅಲ್ಲಿ ಎಂತಕ್ಕೆ ನಿಂತ್ರಿ? ಮುಂದೆ ಬನ್ನಿ," ಎನ್ನುತ್ತ ಗಂಗೆ ಹಲಸಿನ ಮರದ ಬುಡದಲ್ಲಿ ನಿಂತಿದ್ದ ಹರಿಶ್ಚಂದ್ರನ ಕೈಹಿಡಿದು ಎಳೆದಳು. ಅಂಗಳದಲ್ಲಿ ಅವಳ ಅಣ್ಣ ಹುಲಿಯಾ ಗೌಡನ ಚಟ್ಟ ಸಿದ್ಧವಾಗಿತ್ತು.

"ಸಂಬಂಧಿಕರು ಇದ್ದಾರಲ್ಲ ಗಂಗಕ್ಕ."

"ನೀವು ಮತ್ತೆ ಯಾರು? ಬನ್ನಿ ಭಾವ."

ಬೈತಖೋಲ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಹುಲಿಯಾ, ಬಸ್ ಕಂಡಕ್ಟರ್ ಹರಿಶ್ಚಂದ್ರನ ಜೊತೆ ಹಣಕೋಣದ ಈ ಮನೆಯಲ್ಲಿ ಬಾಳತೊಡಗಿ ಮೂವತ್ತು ವರ್ಷ ದಾಟಿತ್ತು. ಊರು ಅವರನ್ನು ದೋಸ್ತರು ಎನ್ನುತ್ತಿತ್ತು, ಅಷ್ಟಕ್ಕೇ ಸುಮ್ಮನಾಗುತ್ತಿತ್ತು. ಭಾವ ಎಂಬ ಮಾತು ಆ ಅಂಗಳದಲ್ಲಿ ಕೇಳಿಸಿದ್ದು ಅಂದೇ ಮೊದಲು.

ಬಂದರಿನ ಹಳೆಯ ಹಮಾಲನೊಬ್ಬ ಗಂಟಲು ಸರಿಮಾಡಿಕೊಂಡ. "ಹೌದೇ ಹೌದು. ಸಾರಿಗೆ ಉಪ್ಪು ಜಾಸ್ತಿ ಆದ್ರೆ ಹುಲಿಯಾನ್ನ ಬೈಯೂ ಹಕ್ಕು ಇವ್ರೊಬ್ರಿಗೇ ಇತ್ತು."

ಅಳುತ್ತಿದ್ದವರೂ ನಕ್ಕರು. ಗಂಗೆಯ ಮಗ ಪ್ರಕಾಶ ಮಾತ್ರ ನಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವನ ಮಗಳು ದೀಪಾ, ಪಕ್ಕದಲ್ಲೇ ಅವಳ ಗೆಳತಿ ಅಮಿತಾ ನಿಂತಿದ್ದರು.

*

ಹೋದ ದೀಪಾವಳಿಗೆ ಪ್ರಕಾಶ ಮಗಳನ್ನು ಕರೆದುಕೊಂಡು ಅಂಕೋಲೆಯಿಂದ ಇಲ್ಲಿಗೆ ನುಗ್ಗಿ ಬಂದಿದ್ದ.

"ಮಾವ, ಇವ್ಳಿಗೆ ಮದುವೆ ಬೇಡಂತೆ. ಆ ಅಮಿತಾನ ಜೊತಿಗೇ ಇರ್ತಾಳಂತೆ. ನಿಂದೇ ರಕ್ತ ಇದು!"

ಬಂಗಡೆಯ ಮುಳ್ಳು ಬಿಡಿಸುತ್ತಿದ್ದ ಹುಲಿಯಾ ತಲೆಯೆತ್ತಿದ. "ನಂಗೆ ಮಕ್ಳೇ ಇಲ್ಲ ಮಾರಾಯಾ. ನಾ ಯಾರಿಗೆ ಹ್ಯಾಂಗೆ ಕೊಡ್ಲಿ?"

ಕಾರವಾರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ದೀಪಾ ಅವನ ಪಕ್ಕ ಕೂತಳು. "ಇದಕ್ಕೆ ಅಂತ ಒಂದೇ ಜೀನ್ ಇಲ್ಲ ಅಜ್ಜಾ. ಸುಮಾರು ಜೀನು ಚೂರುಚೂರು ಸೇರ್ತವೆ. ಹುಟ್ಟೂ ಮೊದ್ಲಿಂದು ಬೇರೆ ಕಾರಣನೂ ಇರ್ಬಹುದು. ಪೂರ್ತಿ ಯಾರಿಗೂ ಗೊತ್ತಿಲ್ಲ. ಯಾರ ತಪ್ಪೂ ಅಲ್ಲ, ಅಷ್ಟೇಯ."

"ಹಾಂಗಾರೆ ನನ್ನಿಂದ ಬಂದದ್ದಲ್ಲ?" ಹುಲಿಯಾನ ಮುಖ ಸಪ್ಪಗಾಯಿತು. "ಛೆ! ಮೊಮ್ಮಗಳಿಗೆ ಇದೊಂದಾದ್ರೂ ಆಸ್ತಿ ಬಿಟ್ಟೆ ಅಂತ ಖುಷಿಪಟ್ಟಿದ್ದೆ."

ಹರಿಶ್ಚಂದ್ರನಿಗೆ ನಗುವಿನಲ್ಲಿ ಅನ್ನ ನೆತ್ತಿಗೇರಿತು. ತನಗೂ ಬಂದ ನಗುವನ್ನು ತಡೆಯಲಾರದೆ ಪ್ರಕಾಶ ಎದ್ದು ಹೊರಗೆ ಹೋದ. ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟಾಗಿ, ಅಂದಿನಿಂದ ಮಗಳೊಡನೆ ಮಾತು ಬಿಟ್ಟ.

*

ಸ್ಮಶಾನದಲ್ಲಿ ಕೊಳ್ಳಿ ಪ್ರಕಾಶನ ಕೈಗೆ ಬಂತು. ಸೋದರಳಿಯನೇ ಬೆಂಕಿ ಕೊಡಬೇಕೆಂದು ಹಿರಿಯರು ಹೇಳಿದ್ದರು. ಹರಿಶ್ಚಂದ್ರ ಚಿತೆಯ ಮೇಲೆ ಬಾಗಿ, ಹುಲಿಯಾನ ಎದೆಯಿಂದ ಸರಿದಿದ್ದ ಶಾಲನ್ನು ಮೇಲೆಳೆಯುತ್ತಿದ್ದ, ಅವನಿಗೆ ಚಳಿಯಾದೀತೆಂಬ ಹಾಗೆ.

ಪ್ರಕಾಶ ಅದನ್ನು ನೋಡಿದ. ಆಮೇಲೆ "ಹಿಡೀರಿ," ಎಂದು ಕೊಳ್ಳಿಯನ್ನು ಹರಿಶ್ಚಂದ್ರನ ಮುಂದೆ ಚಾಚಿದ.

ಮುದುಕ ಕೊಳ್ಳಿ ಹಿಡಿದ. ಪ್ರಕಾಶ ತನ್ನ ಕೈಯನ್ನೂ ಅವನ ಕೈಮೇಲಿಟ್ಟ. ಇಬ್ಬರೂ ಕೂಡಿ ಬೆಂಕಿ ಕೊಟ್ಟರು.

ಮನೆಗೆ ಮರಳಿದವರು ಒಬ್ಬೊಬ್ಬರಾಗಿ ಬಾವಿಕಟ್ಟೆಯ ಬಳಿ ಬಂದರು. ಅಮಿತಾ ನೀರು ಸೇದಿ ತಲೆಗೆ ಹೊಯ್ಯುತ್ತಿದ್ದಳು. ಪ್ರಕಾಶನ ಸರದಿ ಬಂದಾಗ ಅವಳ ಕೈ ನಿಂತಿತು. ಹಿಂದೆ ನಿಂತಿದ್ದ ದೀಪಾಳ ಕಡೆ ನೋಡಿದಳು.

ಪ್ರಕಾಶ ಅವಳ ಮುಂದೆ ತಲೆ ಬಗ್ಗಿಸಿದ. "ಹಾಕು ಮಗಾ."

ಕೊಡಪಾನ ಬಗ್ಗಿತು. "ಅಯ್ಯಯ್ಯೋ, ಥಂಡಿ!" ಎಂದು ಅವನು ಜಿಗಿದ. ದೀಪಾ ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ಹೊರಬಿತ್ತು. ಕೆನ್ನೆಯಿಂದ ನೀರಿಳಿಯುತ್ತಿದ್ದ ಪ್ರಕಾಶ ಕೊಡಪಾನದಲ್ಲಿ ಉಳಿದ ನೀರನ್ನು ಅಂಗೈಗೆ ಸುರಿದುಕೊಂಡು ಮಗಳ ಮುಖಕ್ಕೆ ಎರಚಿದ.